ಮೂರನೆಯ ಥರ್ಜಾ

ಲಾಂಗ್ಟನ್, ಸ್ಟ್ಯಾಫರ್ಡ್‌ಶೈರ್
೧೯ ನವೆಂಬರ್ ೧೯೮೯, ಭಾನುವಾರ

ನನ್ನ ಮುದ್ದಿನ ಜಿಲಿಯನ್,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು, ಈ ಮುದುಕಿ ಉತ್ತರವನ್ನೇ ಬರೆಯಲಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೊಂಡರೆ ತಪ್ಪೇನಿಲ್ಲ. ಮಂಡಿನೋವು, ಅಡುಗೆಮನೆಯ ಸೂರು ಸೋರುವುದು, ಪಕ್ಕದ ಮನೆಯ ನಾಯಿಯ ಕಾಟ, ಹೀಗೆ ನೆಪಗಳಿಗೇನೂ ಬರವಿಲ್ಲ, ಎಲ್ಲವೂ ನಿಜವೇ. ಆದರೆ ಎಷ್ಟೋ ಸಲ ಬರೆಯಲು ಕೂತು, ಚಳಿಯ ವಿಚಾರ ನಾಲ್ಕು ಸಾಲು ಗೀಚಿ ಎದ್ದುಬಿಟ್ಟಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ನೀನು ಕೇಳಿದ್ದು ಒಂದೇ ಮಾತು. ಮಾರ್ಚ್ ತಿಂಗಳಲ್ಲಿ ಹುಟ್ಟುವುದು ಹೆಣ್ಣಾದರೆ ಅದಕ್ಕೂ ಕ್ಲೇರ್ ಎಂದೇ ಹೆಸರಿಡಬೇಕೆಂದು ನಿನ್ನ ಆಸೆ. ನಮ್ಮ ಕ್ಲೇರ್ ತೊಟ್ಟಿಲಲ್ಲೇ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಸತ್ತ ಮಗುವಿನ ಹೆಸರು ಅಪಶಕುನ ಎಂದು ನಿನ್ನ ಅತ್ತೆ ಅಂದರು, ಅಳಿಯ ಅಲೆಕ್ ತುಟಿ ಬಿಚ್ಚಲಿಲ್ಲ. 'ಅಮ್ಮ, ನೀನು ಹೇಗೂ ವಂಶವೃಕ್ಷ ಅಂತ ಲೈಬ್ರರೀಲೇ ಬಿದ್ದಿರ್ತೀಯಲ್ಲ. ನಮ್ಮ ಹಳಬರು ಹೀಗೆ ಮಾಡಿದ್ರಾ ನೋಡಿ ಹೇಳು. ಮಾಡಿದ್ರು ಅಂತ ಬರೆದ್ರೆ ಸಾಕು, ಇವರ ಬಾಯಿ ನಾನು ಮುಚ್ಚಿಸ್ತೀನಿ' ಎಂದು ಬರೆದಿದ್ದೀಯ.

ಮಾಡಿದರು, ಮಗಳೇ. ಒಂದು ಸಲವಲ್ಲ. ನಿನಗೆ ಸುಳ್ಳು ಹೇಳಲಾರೆ. ಆದರೆ ಆ ಒಂದು ಸಾಲು ಅತ್ತೆಗೆ ತೋರಿಸಿ ಕಾಗದ ಮಡಿಸಿಡಬೇಡ, ಪೂರ್ತಿ ಓದು.

ಗುರುವಾರಗಳಲ್ಲಿ ಲೈಬ್ರರಿಯ ಮಹಡಿಯಲ್ಲಿ ನನ್ನ ಪಕ್ಕ ಈನಕ್ ಬೋಲ್ಟನ್ ಎಂಬವನು ಕೂರುತ್ತಾನೆ. ಪಿಂಗಾಣಿ ಕಾರ್ಖಾನೆಯ ಆವಿಗೆಯೊಳಗೆ ಮಾಲು ಜೋಡಿಸುವ ಕೆಲಸದಲ್ಲೇ ಬದುಕು ತೇಯ್ದವನು, ಈಗ ತನ್ನ ಮುತ್ತಜ್ಜನನ್ನು ಹುಡುಕುತ್ತಿದ್ದಾನೆ. 'ಒಬ್ಬ ಲಾರ್ಡ್ ಆದ್ರೂ ಸಿಗ್ತಾನೇನೋ ಅಂತ ಶುರು ಮಾಡ್ದೆ. ಬರೀ ಕುಡುಕರೇ ಸಿಗ್ತಾವ್ರೆ, ಅದೂ ಸಾಲ ಮಾಡಿ ಕುಡಿದೋರು' ಎನ್ನುತ್ತಾನೆ. ಅವನ ಬಾಯಿ ಸ್ವಲ್ಪ ಜಾಸ್ತಿ, ಆದರೆ ಮನಸ್ಸು ಒಳ್ಳೆಯದು.

ಕಳೆದ ಚಳಿಗಾಲವೆಲ್ಲ ನಾನು ನನ್ನ ಅಜ್ಜಿಯ, ಎಂದರೆ ಅಮ್ಮನ ಅಮ್ಮನ, ಜಾಡು ಹಿಡಿದಿದ್ದೆ. ಥರ್ಜಾ ಸಾಲ್ಟ್. ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಏಮಸ್ ಮತ್ತು ಕೆಜಾಯಾ ಸಾಲ್ಟ್ ದಂಪತಿಗೆ ೧೮೬೧ರಲ್ಲಿ ಹುಟ್ಟಿದ ಥರ್ಜಾ ಸಿಕ್ಕಳು. ಸಿಕ್ಕಳಲ್ಲಾ ಎಂದು ಹಿಗ್ಗಿ, ವಂಶವೃಕ್ಷದಲ್ಲಿ ಶಾಯಿಯಲ್ಲೇ ಬರೆದುಬಿಟ್ಟೆ. ಮದುವೆಯ ದಾಖಲೆಯಲ್ಲಿ ನೋಡಿದರೆ ವಯಸ್ಸು ಐದು ವರ್ಷ ಕಡಿಮೆ ಇತ್ತು. ಅಜ್ಜಿ ವಯಸ್ಸು ಕದ್ದಿದ್ದಾಳೆ, ಮೊಮ್ಮಗಳ ಚಾಳಿ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು ಎಂದು ಒಬ್ಬಳೇ ನಕ್ಕೆ.

ಆಮೇಲೆ ಒಂದು ದಿನ ಈನಕ್ ನನ್ನ ಹೆಗಲ ಮೇಲಿಂದ ಇಣುಕಿದ. ಅವನ ಮುಂದಿನ ಮೈಕ್ರೋಫಿಲ್ಮ್ ಪರದೆಯಲ್ಲಿ ಚರ್ಚಿನಲ್ಲಿ ಮಣ್ಣಾದವರ ಪಟ್ಟಿ ಓಡುತ್ತಿತ್ತು.

'ಮರಿಯಲ್, ಈ ನಿನ್ನ ಥರ್ಜಾ ಮದುವೆಗೆ ಹೋಗಿದ್ದು ಹೆಂಗೆ?' ಎಂದ.

'ಗಾಡೀಲಿ ಹೋಗಿರ್ತಾಳೆ, ಯಾಕೆ?'

'ಗೋರಿಯಿಂದ ಎದ್ದು ಹೋಗಿರ್ಬೇಕು. ಇಲ್ನೋಡು, ನಡೆಯೋಕೆ ಕಲಿಯೋ ಮೊದ್ಲೇ ಹೋಗಿದೆ ಈ ಮಗು. ಮಣ್ಣಲ್ಲಿರೋ ಕೂಸಿಗೆ ಮದುವೆ ಮಾಡ್ಸಿ, ಮನೆ ತುಂಬ ಮಕ್ಕಳೂ ಹೆರಿಸಿದೀಯಲ್ಲ ಮಾರಾಯ್ತಿ.'

ಇಬ್ಬರೂ ನಕ್ಕೆವು. ಎಷ್ಟು ನಕ್ಕೆವೆಂದರೆ ಲೈಬ್ರರಿಯ ಹುಡುಗಿ ಬಂದು ಗದರಿದಳು. ಹೊರಗೆ ಬಸ್ಸಿಗೆ ಕಾಯುವಾಗ ಮಾತ್ರ ಆ ಕೂಸು ನೆನಪಾಯಿತು. ಒಂದಿಡೀ ಚಳಿಗಾಲ ನಾನು ಒಂದು ಮಗುವಿನ ಬದುಕನ್ನು ಇನ್ನೊಂದಕ್ಕೆ ಹೊದಿಸಿದ್ದೆ.

ಮುಂದಿನ ವಾರ ಉಳಿದದ್ದೂ ತಿಳಿಯಿತು. ಮೊದಲ ಥರ್ಜಾ ಹೋದ ಮೇಲೆ ಹುಟ್ಟಿದ ಹೆಣ್ಣಿಗೂ ಥರ್ಜಾ ಎಂದೇ ಇಟ್ಟರು, ಅದೂ ಉಳಿಯಲಿಲ್ಲ. ಮೂರನೆಯದಕ್ಕೂ ಅದೇ ಹೆಸರು. ಅದು ಬದುಕಿತು. ಅವಳೇ ನನ್ನ ಅಜ್ಜಿ. ವಯಸ್ಸು ಕದ್ದಿರಲಿಲ್ಲ, ಪಾಪ.

ಕೆಜಾಯಾ ಕಾರ್ಖಾನೆಯಲ್ಲಿ ಬಟ್ಟಲುಗಳನ್ನು ಹೊಳಪಿನ ನೀರಿನಲ್ಲಿ ಅದ್ದುವ ಕೆಲಸ ಮಾಡುತ್ತಿದ್ದಳು. ಆ ನೀರಿನ ತುಂಬ ಬಿಳಿ ಸೀಸ. ಮೊಣಕೈವರೆಗೆ ಅದರಲ್ಲೇ, ಬಸುರಿಯಾಗಿದ್ದಾಗಲೂ ಅದರಲ್ಲೇ. ಆ ಕೆಲಸದ ಹೆಂಗಸರಿಗೆ ಮಕ್ಕಳು ನಿಲ್ಲುವುದಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿದ್ದಿರಬೇಕು. ಗೊತ್ತಿದ್ದು ಮಾಡುವುದೇನು, ಕೆಲಸ ಬಿಟ್ಟರೆ ಒಲೆ ಉರಿಯುವುದು ಹೇಗೆ.

'ಆಗ ಎಲ್ರೂ ಹಂಗೇ ಮಾಡ್ತಿದ್ರು' ಎಂದ ಈನಕ್. 'ಸತ್ತ ಕೂಸಿನ ಅಂಗಿ ಮುಂದಿನ ಕೂಸಿಗೆ ಬರ್ತಿತ್ತು, ಹೆಸರೂ ಬರ್ತಿತ್ತು. ಬಡವರ ಮನೇಲಿ ಯಾವುದನ್ನ ಬಿಸಾಕೋಕಾಗ್ತಿತ್ತು ಹೇಳು?'

ಆ ಮಾತು ನನಗೆ ಹಿಡಿಸಿತ್ತು. ಅದನ್ನೇ ನಿನಗೆ ಬರೆದು, ನಿನ್ನ ಇಷ್ಟದಂತೆ ಮಾಡು ಎಂದು ಹೇಳಿಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಸೆಲೀನಾ ದೊಡ್ಡಮ್ಮನನ್ನು ನೋಡಿ ಬರೋಣ ಅನ್ನಿಸಿತು. ಥರ್ಜಾಳ ಮಕ್ಕಳಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ. ವೃದ್ಧಾಶ್ರಮದಲ್ಲಿದ್ದಾಳೆ. ಕಣ್ಣು ಹೋಗಿದೆ, ಕಿವಿಗೆ ಏನೂ ಆಗಿಲ್ಲ, ನಾಲಿಗೆಗಂತೂ ಏನೇನೂ ಆಗಿಲ್ಲ. ಬಿಸಿ ಓಟ್‌ಕೇಕ್ ರೊಟ್ಟಿಯಲ್ಲಿ ಚೀಸ್ ಸುತ್ತಿ ಒಯ್ದಿದ್ದೆ. ಒಂದು ತುತ್ತು ತಿಂದು, 'ಚೀಸ್ ಹಾಕೋವಾಗ ಕೈ ಬಿಗಿ ಹಿಡಿದೆಯೇನೇ?' ಎಂದಳು.

'ದೊಡ್ಡಮ್ಮ, ಕೆಜಾಯಾ ಮುತ್ತಜ್ಜಿ ಮೂರು ಮಕ್ಕಳಿಗೂ ಥರ್ಜಾ ಅಂತಲೇ ಇಟ್ಟಿದ್ಲಂತೆ, ನಿಮಗೆ ಗೊತ್ತಿತ್ತಾ?' ಎಂದೆ.

'ಇಟ್ಟಿದ್ದೇನೋ ಇಟ್ಲು. ಕರೆದಿದ್ದು ಯಾರು?'

'ಹಾಗಂದ್ರೆ?'

'ಅಜ್ಜಿ ನಮ್ಮಮ್ಮನ್ನ ಒಂದಿನಾನೂ ಹೆಸರು ಹಿಡಿದು ಕರೀಲಿಲ್ಲ ಕಣೆ. "ಏ ಹುಡುಗಿ" ಅಂತಿದ್ಲು. ನಾವಿಷ್ಟು ಮಕ್ಕಳು ಹುಟ್ಟಿದ ಮೇಲೂ "ಏ ಹುಡುಗಿ, ಬಾಗಿಲು ಹಾಕು" ಅಂತಾನೇ. ಒಂದ್ಸಲ ನಾನು, ಅಜ್ಜಿ, ನಮ್ಮಮ್ಮಂಗೆ ಹೆಸರಿಲ್ವಾ ಅಂತ ಕೇಳ್ದೆ. ಬೆನ್ನಿಗೆ ಬಿತ್ತು ನೋಡು.'

'ಥರ್ಜಾ ಅಜ್ಜಿ ಏನೂ ಅಂತಿರಲಿಲ್ವಾ?'

ದೊಡ್ಡಮ್ಮ ತಿನ್ನುವುದನ್ನು ನಿಲ್ಲಿಸಿದಳು. 'ಕೊನೇಗಾಲಕ್ಕೆ ಕೆಜಾಯಾ ಅಜ್ಜಿಗೆ ಎರಡೂ ಮಣಿಕಟ್ಟು ಜೋತುಬಿದ್ದಿದ್ವು, ಸೀಸದಿಂದ. ಅಮ್ಮನೇ ಉಣಿಸ್ತಿದ್ಲು. ಆಗ ಕೇಳಿದ್ಲು. "ಅವ್ವಾ, ಒಂದೇ ಒಂದ್ಸಲ ಹೆಸರು ಹಿಡಿದು ಕರಿ" ಅಂತ. ನಾನು ಅಲ್ಲೇ ಬಾಗಿಲ ಹತ್ರ ಇದ್ದೆ. ಅಜ್ಜಿ ಬಾಯಿ ತೆಗೆದ್ಲು, ಆಮೇಲೆ ಗೋಡೆ ಕಡೆ ತಿರುಗಿ ಅತ್ಲು. ಆಗ್ಲಿಲ್ಲ ಅವಳ ಕೈಲಿ. ನಮ್ಮಮ್ಮ ಅದನ್ನ ಸಾಯೋವರೆಗೂ ಮರೀಲಿಲ್ಲ.'

ಕೆಜಾಯಾಳನ್ನು ನಾನು ಬೈಯುವುದಿಲ್ಲ, ಜಿಲಿಯನ್. ಬೈಯುವ ಯೋಗ್ಯತೆ ನನಗಿಲ್ಲ. ಹೆಸರನ್ನಾದರೂ ಉಳಿಸಿಕೊಳ್ಳೋಣ ಎಂದು ಅವಳು ಇಟ್ಟಳು. ಆದರೆ ಆ ಹೆಸರು ಮೊದಲಿನವಳ ಹತ್ತಿರವೇ ಉಳಿದುಬಿಟ್ಟಿತ್ತು, ಬದುಕಿದವಳ ತನಕ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಇಡಬೇಡ. ನಿನ್ನ ಅತ್ತೆ ಹೇಳುವ ಶಕುನಗಿಕುನ ನಾನು ನಂಬುವವಳಲ್ಲ. ಆದರೆ ಕ್ಲೇರ್ ಎಂದು ಕೂಗಿದಾಗಲೆಲ್ಲ ನಿನ್ನ ಕಣ್ಣ ಮುಂದೆ ಯಾರು ಬರುತ್ತಾರೆ, ಹೇಳು. ನಮ್ಮ ಕ್ಲೇರ್‌ಗೆ ಸಿಕ್ಕಿದ್ದು ಕೆಲವು ವಾರ, ಒಂದು ಹೆಸರು, ಅಷ್ಟೇ. ಅದು ಅವಳ ಹತ್ತಿರವೇ ಇರಲಿ. ಬರುವ ಕೂಸಿಗೆ ಅವಳದೇ ಆದ ಒಂದು ಹೆಸರು ಹುಡುಕು. ನಿನಗೆ ಏನೂ ತೋಚದಿದ್ದರೆ ಅಲೆಕ್‌ನನ್ನು ಕೇಳು, ಅವನೂ ಒಂದು ದಿನ ಬಾಯಿ ಬಿಡಲಿ.

ಇದನ್ನು ಓದಿ ನೀನು ಅಳುತ್ತೀಯ, ನನ್ನ ಮೇಲೆ ರೇಗುತ್ತೀಯ, ಗೊತ್ತು. 'ಅಮ್ಮಂಗೇನು ಗೊತ್ತು' ಎನ್ನುತ್ತೀಯ. ಅನ್ನು. ರೇಗಿದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಸ್ವೆಟರ್ ಒಂದು ತೋಳು ಬಾಕಿ ಇದೆ, ಮುಗಿದ ಕೂಡಲೇ ಕಳಿಸುತ್ತೇನೆ. ಹೆರಿಗೆಗೆ ಮುಂಚೆಯೇ ನಾನು ಪ್ಲಿಮತ್‌ಗೆ ಬಂದು ನಿನ್ನ ಜೊತೆ ಇರುತ್ತೇನೆ, ಮಂಡಿ ಏನಾದರೂ ಆಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ, ಕೂಸು ಗಟ್ಟಿ ದನಿಯಲ್ಲಿ ಅತ್ತು ಊರೆಲ್ಲ ಎಬ್ಬಿಸಲಿ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ವೃದ್ಧಾಶ್ರಮದಿಂದ ಹೊರಡುವಾಗ ಸೆಲೀನಾ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, 'ಇದನ್ನೆಲ್ಲ ನಿಂಗೆ ನಾನು ಹೇಳ್ಬೇಕೇನೇ, ಮರಿಯಲ್?' ಎಂದಳು. ಇದನ್ನು ನಿನಗೆ ಹೇಳಿಲ್ಲ, ನಿನ್ನ ಅಪ್ಪನಿಗೂ ಹೇಳಿರಲಿಲ್ಲ. ನಾನು ಹುಟ್ಟುವ ಮೊದಲು ನನ್ನ ಅಮ್ಮನಿಗೆ ಒಬ್ಬ ಮಗಳಿದ್ದಳು. ಮೂರು ವರ್ಷ ಬದುಕಿ ಗಂಟಲುಬೇನೆಯಲ್ಲಿ ಹೋದಳು. ಅವಳ ಹೆಸರು ಮರಿಯಲ್. ನನ್ನ ಅಮ್ಮ ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಹಿತ್ತಲ ಬಾಗಿಲಿಗೆ ಬಂದು ಕೂಗುತ್ತಿದ್ದಳು, ನಾನು ಬೀದಿಯ ಕೊನೆಯಿಂದ ಓಡಿ ಬರುತ್ತಿದ್ದೆ. ಬಂದವಳು ನಾನು ಎಂದು ಕಂಡ ಕೂಡಲೇ ಅವಳ ಮುಖ ಇಳಿದುಹೋಗುತ್ತಿತ್ತು. ಪ್ರತಿ ಸಲವೂ. ನನಗೀಗ ಅರವತ್ತೊಂದು. ಈಗಲೂ ಯಾರಾದರೂ ಮರಿಯಲ್ ಎಂದು ಕರೆದರೆ, ಓಗೊಡುವ ಮೊದಲು ಒಂದು ಗಳಿಗೆ ಕಾಯುತ್ತೇನೆ, ಆ ಮೊದಲಿನವಳು ಬರುತ್ತಾಳೇನೋ ಎಂದು.