ಅಪ್ಪ ಸತ್ತದ್ದು ಜಗಳಕ್ಕಲ್ಲ

ತಮ್ಮಾ,

ನಾನು ಚೆನ್ನಾಗಿದ್ದೇನೆ. ಮೊದಲೇ ಹೇಳದಿದ್ದರೆ ನೀನು ಗಾಬರಿ ಬೀಳುತ್ತೀಯ.

ನಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು. ವಯಸ್ಸು ನಲವತ್ತಾಯಿತಲ್ಲ ಎಂದು ಸುಮ್ಮನಿದ್ದೆ. ಕೊನೆಗೆ ಡಾಕ್ಟರು ಸ್ಕ್ಯಾನ್ ಮಾಡಿಸಿ, "ನಿಮ್ಮ ಹೃದಯದ ಒಂದು ಕವಾಟಕ್ಕೆ ಮೂರು ಎಸಳು ಇರ್ಬೇಕಿತ್ತು, ಎರಡೇ ಇವೆ. ಹುಟ್ಟಿನಿಂದಲೂ ಹೀಗೇ" ಅಂದರು. ಇಷ್ಟು ವರ್ಷ ಒಳಗೇ ಇದ್ದು ಗುಟ್ಟು ಬಿಟ್ಟುಕೊಡಲಿಲ್ಲ, ನೋಡು. ಮುಂದಿನ ತಿಂಗಳು ಆಪರೇಷನ್.

ಅಪ್ಪ ಹೇಗೆ ತೀರಿಕೊಂಡರು ಎಂದು ಡಾಕ್ಟರು ಕೇಳಿದರು. ನೀನು ಜಗಳವಾಡಿ ಮನೆ ಬಿಟ್ಟ ಮರುದಿನ ಅಂಗಡಿಯಲ್ಲೇ ಕುಸಿದರು ಎಂದೆ.

"ಜಗಳಕ್ಕೇ ಸತ್ರು ಅನ್ಕೋಬೇಡಿ. ಅವರಿಗೂ ಇದೇ ಇದ್ದಿರ್ಬಹುದು. ಕೆಲವು ಮನೆತನಗಳಲ್ಲಿ ಇದು ಹರಿದು ಬರುತ್ತೆ. ನಿಮ್ಮ ತಮ್ಮನಿಗೂ ತೋರಿಸ್ಕೊಳ್ಳೋಕೆ ಹೇಳಿ" ಅಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಂದು ನೀನು ಅಪ್ಪನ ಮಣ್ಣಿಗೆ ಬಂದಾಗ ಎಲ್ಲರೆದುರು "ನೀನೇ ಕೊಂದೆ" ಎಂದು ನಿನಗೆ ಅಂದವಳು ಅವಳೇ ತಾನೆ. ಸೊಪ್ಪು ಬಿಡಿಸುತ್ತಾ ಕೂತಳು. ಎಲೆಯನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕುತ್ತಿದ್ದಳು. ನಾನು ತಿದ್ದಲಿಲ್ಲ. ಆಮೇಲೆ "ಅವನಿಗೆ ಬರಿ" ಅಂದಳು.

ಆದಷ್ಟು ಬೇಗ ಎದೆಯ ಸ್ಕ್ಯಾನ್ ಮಾಡಿಸಿಕೋ. ಅಲ್ಲೆಲ್ಲೋ ಯಾಕೆ, ಇಲ್ಲಿಗೇ ಬಾ. ಮಹಡಿಯ ಕೋಣೆ ಗುಡಿಸಿ ಇಟ್ಟಿದೆ. ಇದು ನನ್ನ ಮಾತಲ್ಲ, ಅಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. "ನಾನ್ ಹೇಳ್ದೆ ಅಂತ ಮಾತ್ರ ಬರೀಬೇಡ ಕಣೇ" ಅನ್ನುತ್ತಿದ್ದಾಳೆ.

ಬರೆದಿದ್ದೇನೆ.

ನಿನ್ನ ದಾರಿ ನೋಡುತ್ತಿರುವ
ಅಕ್ಕ