ಟಣ್ ಅಕ್ಕನ ಪಿಂಗಾಣಿ ಕೀಲು

ಮನೆಯಿಂದ, ಮುಂಬಾಗಿಲ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತು
ತಾರೀಖು ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ನಿನ್ನ ಉಬ್ಬಸ ಹೇಗಿದೆ? ಪಿಂಗಾಣಿ ಸುಡುವ ಭಟ್ಟಿ ಮುಂದೆ ನಿಂತು ನಿಂತು ಅಂಟಿಕೊಂಡ ಆ ಕೆಮ್ಮು ಬೆಳಗಿನ ಹೊತ್ತು ಈಗಲೂ ಕಾಡುತ್ತದೆ ಎಂದು ನಿನ್ನ ಹೆಂಡತಿ ಬರೆದಿದ್ದಳು. ಬಿಸಿನೀರು ಕುಡಿ, ಮಾತ್ರೆ ತಪ್ಪಿಸಬೇಡ. ಪಾಪ, ಅವಳು ವರ್ಷಕ್ಕೊಂದು ಕಾಗದವಾದರೂ ಹಾಕುತ್ತಾಳೆ. ಇಲ್ಲದಿದ್ದರೆ ನೀವು ಮೂರನೇ ಮಹಡಿಗೆ ಮನೆ ಬದಲಾಯಿಸಿದ್ದೂ ನನಗೆ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಹುಬ್ಬು ಗಂಟಿಕ್ಕಿಕೊಂಡಿರುತ್ತೀ, ನನಗೆ ಗೊತ್ತು. ಹರಿಯುವುದಾದರೆ ಕೊನೆತನಕ ಓದಿ ಆಮೇಲೆ ಹರಿ.

ಸುದ್ದಿ ಏನೆಂದರೆ, ನನ್ನ ಬಲ ಸೊಂಟದ ಕೀಲು ಬದಲಾಯಿಸಿ ಐದು ತಿಂಗಳಾಯಿತು. ನಿನಗೆ ಹೇಳಕೂಡದೆಂದು ನಿನ್ನ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದೆ, ಅವಳ ಮೇಲೆ ರೇಗಬೇಡ. ಎರಡು ವರ್ಷದಿಂದ ಕೀಲು ಸವೆದು ಎಲುಬಿಗೆ ಎಲುಬು ತಿಕ್ಕುತ್ತಿತ್ತಂತೆ. ಮಗ್ಗುಲು ಬದಲಾಯಿಸಲಾರೆ, ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾರೆ, ಬಸ್ಸಿನ ಮೊದಲ ಮೆಟ್ಟಿಲು ನೋಡಿದರೇ ಎದೆ ಹಾರುತ್ತಿತ್ತು. ನಿನ್ನ ಭಾವ ಹೊಲಿಗೆ ಯಂತ್ರ ಬಿಟ್ಟೆದ್ದು ಬಂದು ನನ್ನ ಕಾಲಿಗೆ ಚಪ್ಪಲಿ ಸಿಕ್ಕಿಸುವರು. ಬಟ್ಟೆ ಹೊಲಿಸಲು ಬಂದವರು ನೋಡುತ್ತಾರೆಂದು ನನಗೆ ನಾಚಿಕೆ. ಅವರು ಮಾತ್ರ ಅಳತೆ ತೆಗೆಯುವಷ್ಟೇ ಸಲೀಸಾಗಿ ಮಾಡಿ ಹೋಗುವರು.

ಆಪರೇಷನ್ನಿಗೆ ಮೊದಲು ಡಾಕ್ಟರು ಮೇಜಿನ ಖಾನೆಯಿಂದ ಒಂದು ಗುಂಡು ತೆಗೆದು ನನ್ನ ಅಂಗೈಯಲ್ಲಿಟ್ಟರು. ನಿಂಬೆಹಣ್ಣಿಗಿಂತ ಚಿಕ್ಕದು, ತಿಳಿ ಗುಲಾಬಿ ಬಣ್ಣ, ಕೆಳಗೊಂದು ತೂತು. ತೊಡೆಯೆಲುಬಿನೊಳಗೆ ಲೋಹದ ಕಡ್ಡಿ ಇಳಿಸಿ ಅದರ ತಲೆಗೆ ಇದನ್ನು ಕೂರಿಸುತ್ತಾರಂತೆ. ಅದು ತಿರುಗುವ ಬಟ್ಟಲೂ ಇದರದೇ. ಏನಿದು ಎಂದು ಕೇಳಿದೆ. 'ಪಿಂಗಾಣಿ ಜಾತೀದೇ ಅಮ್ಮಾ' ಅಂದರು. ನಮ್ಮ ಕಸುಬಿನದೇ ಕಣೋ! ನಮ್ಮ ಕಾರ್ಖಾನೆಯಂಥ ಮಣ್ಣಲ್ಲವಂತೆ, ಬಿಳಿ ಪುಡಿಯಂತೆ. ಆದರೂ ಅಚ್ಚಿಗೆ ಒತ್ತಿ, ಸುಟ್ಟು, ಉಜ್ಜಿ ಮಾಡಿದ್ದೇ. ಅಷ್ಟು ನಯವನ್ನು ಈ ಕೈ ಹಿಂದೆಂದೂ ಮುಟ್ಟಿರಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಕರೆಂಟು ಕಂಬದ ಪಿಂಗಾಣಿಯನ್ನು ಸೀಳಿದೆಯೋ ಎಂದು ತಟ್ಟಿ ನೋಡಿದ ಕೈ ಸುಮ್ಮನಿರುತ್ತದೆಯೇ? ಡಾಕ್ಟರ ಪೆನ್ನು ತೆಗೆದುಕೊಂಡು ತಟ್ಟಿದೆ. ದಡ್ ಎಂದಿತು. 'ಇದು ಸೀಳಿದೆ ಡಾಕ್ಟ್ರೇ, ಇದನ್ನ ನನಗೆ ಹಾಕ್ಬೇಡಿ' ಅಂದೆ. ಅವರು ನಗಲಿಲ್ಲ. ದೀಪದ ಕೆಳಗೆ ತಿರುಗಿಸಿ ನೋಡಿ, ಒಬ್ಬ ಮನುಷ್ಯನ ಭಾರದ ಎಷ್ಟೋ ಪಾಲು ಭಾರ ಹೇರಿ ಒಂದೊಂದನ್ನೂ ಪರೀಕ್ಷೆ ಮಾಡಿಯೇ ಕಳಿಸುತ್ತಾರೆ, ಒಡೆಯುವುದು ಹಲವು ಸಾವಿರದಲ್ಲಿ ಒಂದೋ ಎರಡೋ ಎಂದರು. ನಿನ್ನ ಭಾವ ಯಾಕೋ ಕೆಮ್ಮಿ ಕಿಟಕಿ ಕಡೆ ಮುಖ ತಿರುಗಿಸಿದರು. ಆಗ ನನಗೆ ಅದು ಹೊಳೆಯಲಿಲ್ಲ.

ನನ್ನ ಜಂಭ ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಟಣ್ ಅಂದರೆ ಪಾಸು, ದಡ್ ಅಂದರೆ ಸುತ್ತಿಗೆಗೆ. ನಾನು ಬೇಡವೆಂದ ಮಾಲು ಕರೆಂಟಿನ ಪರೀಕ್ಷೆಯ ಕೋಣೆಯವರೆಗೂ ಹೋಗುತ್ತಿರಲಿಲ್ಲ. ಕಾರ್ಖಾನೆಗೆಲ್ಲ ನಾನು ಟಣ್ ಅಕ್ಕ. ಆ ಹೆಸರಿಟ್ಟವನೂ ನೀನೇ. ಭಟ್ಟಿ ಮೇಸ್ತ್ರಿಯಾಗಿ ನೀನು ಆ ಹೊಸ ಮಾದರಿಯನ್ನು, ಸಣ್ಣದು, ತೆಳು ಅಂಚಿನದು, ಮೊದಲ ಸಲ ಇಳಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮೂರು ದಿನ ಮನೆ ಕಡೆ ತಲೆ ಹಾಕದೆ ಬೆಂಕಿ ಕಾದಿದ್ದೆ, ಕಣ್ಣು ಕೆಂಡವಾಗಿತ್ತು. ನಾನು ಒಂದು ತಟ್ಟಿದೆ, ಹತ್ತು ತಟ್ಟಿದೆ, ನೂರು ತಟ್ಟಿದೆ. ಎಲ್ಲವೂ ದಡ್. 'ಅಕ್ಕಾ, ಇನ್ನೊಂದ್ಸಲ ತಟ್ಟಿ ನೋಡು, ನಂಗೆ ಟಣ್ ಅಂತಾನೇ ಕೇಳ್ತಿದೆ' ಅಂದೆ ನೀನು. 'ನನ್ನ ಕಿವಿಗೆ ಇನ್ನೊಂದ್ಸಲ ಬೇಕಾಗಿಲ್ಲ. ತಮ್ಮ ಅಂತ ಪಾಸ್ ಮಾಡೋಕಾಗುತ್ತಾ?' ಅಂದೆ ನಾನು, ಎಲ್ಲರೆದುರು. ಟಣ್ ಅಕ್ಕ ಹೇಳಿದ್ದೇ ಕಡೆಯ ಮಾತು. ಇಡೀ ಭಟ್ಟಿ ಮಾಲು ಪುಡಿಯಾಯಿತು, ಆ ಮಾದರಿಯನ್ನೇ ಕೈಬಿಟ್ಟರು, ನಿನ್ನನ್ನು ಪ್ಯಾಕಿಂಗಿಗೆ ಹಾಕಿದರು. ತಿಂಗಳು ತುಂಬುವುದರೊಳಗೆ ನೀನು ಊರು ಬಿಟ್ಟೆ. ಒಂದೇ ಒಂದನ್ನು ನಾನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೆ, ನಿನಗೆ ಗೊತ್ತಿಲ್ಲ. ಗಾಳಿಗೆ ಬಡಿದುಕೊಳ್ಳದಂತೆ ಮುಂಬಾಗಿಲಿಗೆ ಅದೇ ಅಡ್ಡ. ಸೀಳಿದ್ದಾದರೂ ನಿನ್ನ ಕೈಯದು ಮನೆಯಲ್ಲಿರಲಿ ಅನ್ನಿಸಿತ್ತು.

ಇರಲಿ, ಕಾಲಿನ ಸುದ್ದಿಗೆ ಬರುತ್ತೇನೆ. ಆಪರೇಷನ್ನಾದ ಮಾರನೇ ದಿನವೇ ನಿಲ್ಲಿಸಿಬಿಟ್ಟರು! ಗಾಯದ ನೋವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹಳೆಯ ನೋವು, ಒಳಗಿಂದ ಕಡಿಯುವ ನೋವು, ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ಕಾಲ ಮೇಲೆ ಕಾಲು ಹಾಕಬಾರದು, ತಗ್ಗಿನ ಪೀಠದಲ್ಲಿ ಕೂರಬಾರದು, ಮಲಗುವಾಗ ಮಂಡಿಗಳ ನಡುವೆ ದಿಂಬು, ಎಲ್ಲ ಕೇಳಿದೆ. ಹೇಳಿದ ಮಾತು ಕೇಳುವವಳಾದೆನಲ್ಲ ಎಂದು ನಿನ್ನ ಭಾವ ಬೆರಗಾದರು. ಆರು ವಾರ ವಾಕರು, ಆಮೇಲೆ ಕೋಲು, ಈಗ ಅದೂ ಇಲ್ಲ. ಹೋದ ವಾರ ಚಪ್ಪಲಿ ನಾನೇ ಹಾಕಿಕೊಂಡೆ. ಒಮ್ಮೊಮ್ಮೆ ರಸ್ತೆಯಲ್ಲಿ ನಡೆಯುತ್ತ ನಡೆಯುತ್ತ ನಿಂತುಬಿಡುತ್ತೇನೆ. ಯಾವುದೋ ಊರಿನಲ್ಲಿ ಯಾರೋ ನಿನ್ನಂಥವನು ಬೆಂಕಿ ಕಾದು ಸುಟ್ಟದ್ದು, ಯಾರೋ ಅದನ್ನು ಪಾಸು ಮಾಡಿದ್ದು, ಇವತ್ತು ನನ್ನ ಮಾಂಸದೊಳಗೆ ಕೂತು ನನ್ನನ್ನು ಹೊತ್ತುಕೊಂಡು ತಿರುಗುತ್ತಿದೆ. ಇಪ್ಪತ್ತು ವರ್ಷಕ್ಕೂ ಮೀರಿ ಬರಬಹುದು ಅನ್ನುತ್ತಾರೆ ಡಾಕ್ಟರು. ಅಂದರೆ ನನಗಿಂತ ಹೆಚ್ಚು ಬಾಳುತ್ತದೆ. ಬೆಂಕಿಯ ಕೆಲಸ ಎಷ್ಟು ದೊಡ್ಡದೆಂದು ಅಷ್ಟು ವರ್ಷ ಅದರ ಪಕ್ಕದಲ್ಲೇ ಇದ್ದೂ ನನಗೆ ತಿಳಿದಿರಲಿಲ್ಲ, ತಮ್ಮಾ.

ಮೂರನೇ ತಿಂಗಳು ಒಂದು ದಿನ ವ್ಯಾಯಾಮ ಹೇಳಿಕೊಡುವ ಹುಡುಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸುತ್ತಿದ್ದವಳು ನಿಂತಳು. 'ಅಮ್ಮಾ, ನಿಮ್ಮ ಸೊಂಟ ಕೀಚ್ ಅಂತಿದೆ' ಅಂದಳು. 'ನಿನ್ನ ಬೂಟು ನೋಡ್ಕೋ' ಅಂದೆ. ಮನೆಗೆ ಬಂದು ಹೇಳಿದರೆ ನಿನ್ನ ಭಾವ, 'ಒಂದು ವಾರದಿಂದ ಕೇಳ್ತಿದೆ ಕಣೇ' ಅನ್ನುತ್ತ ಹೊಲಿಗೆ ಯಂತ್ರದ ಎಣ್ಣೆ ಬಾಟಲಿ ಹಿಡಿದು ಬಂದರು, ಅವರ ತಮಾಷೆಗಿಷ್ಟು! ನಾನು ನಗಲಿಲ್ಲ. ಮತ್ತೆ ಡಾಕ್ಟರು, ಮತ್ತೆ ಎಕ್ಸ್‌ರೇ. ಎಲ್ಲ ತನ್ನ ತನ್ನ ಜಾಗದಲ್ಲೇ ಇದೆ, ಗುಂಡೂ ಬಟ್ಟಲೂ ಎರಡೂ ಪಿಂಗಾಣಿಯಾದರೆ ಕೆಲವರಿಗೆ ಹೀಗೆ ಸದ್ದು ಬರುವುದುಂಟು, ನೋವಿಲ್ಲದಿದ್ದರೆ ಹೆದರಬೇಕಿಲ್ಲ, ವರ್ಷಕ್ಕೊಮ್ಮೆ ತೋರಿಸಿ ಎಂದರು. ನನ್ನನ್ನು ಮೆಟ್ಟಿಲು ಹತ್ತಿಸಿ ಇಳಿಸಿ, 'ನಿಮಗೆ ಕೇಳಿಸ್ತಿಲ್ವಾ?' ಎಂದು ಕೇಳಿದರು. ಇಲ್ಲ ಎಂದೆ. ಅವರು ಕೆಳಗಿನ ಮಹಡಿಯ ಕಿವಿ ಡಾಕ್ಟರಿಗೆ ಚೀಟಿ ಬರೆದರು.

ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮೊದಮೊದಲು ಚಕಚಕನೆ ಒತ್ತಿದೆ. ಆಮೇಲೆ ಸದ್ದೇ ಬರಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಕೈಕಟ್ಟಿ ಕೂತೆ. ಹೊರಗೆ ಬಂದಾಗ ಕಿವಿ ಡಾಕ್ಟರಮ್ಮ ಕಾಗದ ತೋರಿಸಿದರು. ಯಂತ್ರ ಕೊನೆಯವರೆಗೂ ಸದ್ದು ಮಾಡುತ್ತಲೇ ಇತ್ತಂತೆ. ದಪ್ಪ ದನಿ ನನಗೆ ಕೇಳುತ್ತದೆ, ತೀರಾ ಸಣ್ಣ, ಮೇಲಿನ ದನಿ ಕೇಳುವುದಿಲ್ಲ. ಗದ್ದಲದಲ್ಲಿ ದುಡಿದವರಿಗೆ ಮೊದಲು ಹೋಗುವುದು ಅದೇ, ಹೋದದ್ದು ಗೊತ್ತೂ ಆಗುವುದಿಲ್ಲ. ಎಷ್ಟು ವರ್ಷದಿಂದ ಇರಬಹುದು ಎಂದು ಕೇಳಿದೆ. ಹದಿನೈದಕ್ಕೆ ಕಡಿಮೆ ಇರಲಾರದು ಎಂದರು. ನಿನ್ನ ಮಾಲು ತಟ್ಟಿದ್ದು ಹನ್ನೊಂದು ವರ್ಷದ ಹಿಂದೆ. ಹಳೆಯ ದೊಡ್ಡ ಮಾಲಿನ ದನಿ ದಪ್ಪ. ಡಾಕ್ಟರು ಕೊಟ್ಟ ಗುಂಡು ಸಣ್ಣದು, ಅದರ ದನಿಯೂ ಸಣ್ಣದಿರಬೇಕು. ನಿನ್ನ ಹೊಸ ಮಾದರಿಯೂ ಸಣ್ಣದೇ. ಮನೆಗೆ ಹೇಗೆ ಬಂದೆನೋ ನೆನಪಿಲ್ಲ.

ಕಾಗದ ಉದ್ದವಾಯಿತು, ಬೆರಳು ನೋಯುತ್ತಿದೆ. ನಿನ್ನ ಹೆಂಡತಿಗೆ ನನ್ನ ಪ್ರೀತಿ ಹೇಳು, ಅವಳು ಬರೆದ ಹನ್ನೊಂದು ಕಾಗದವೂ ನನ್ನ ಹತ್ತಿರ ಭದ್ರವಾಗಿವೆ. ಭಾವ ಕೇಳಿದರೆಂದು ಬರೆ ಅನ್ನುತ್ತಿದ್ದಾರೆ. ನಿನ್ನ ಉಸಿರು ಸಲೀಸಾಗಲಿ, ಇಬ್ಬರೂ ತಣ್ಣಗಿರಿ ಎಂದು ಈ ಅಕ್ಕನ ಹಾರೈಕೆ.

ನಿನ್ನ
ಅಕ್ಕ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಗೀಚುತ್ತೇನೆ. ಅವತ್ತು ಕಿವಿ ಡಾಕ್ಟರ ಹತ್ತಿರದಿಂದ ಬಂದವಳೇ ಬಾಗಿಲಿನ ನಿನ್ನ ಪಿಂಗಾಣಿಯನ್ನು ಮೇಜಿನ ಮೇಲಿಟ್ಟು ಚಮಚದಿಂದ ತಟ್ಟಿದೆ. ನನಗೆ ದಡ್. ಭಾವನ ಮುಖ ನೋಡಿದೆ. 'ಟಣ್ ಅಂತಲ್ಲೇ. ಬಾಗಿಲು ತಗುಲಿದಾಗಲೆಲ್ಲ ಅನ್ನುತ್ತೆ, ಹನ್ನೊಂದು ವರ್ಷದಿಂದ' ಅಂದರು. ಯಾಕೆ ಹೇಳಲಿಲ್ಲ ಎಂದರೆ, 'ನಿನ್ನ ಕಿವಿ ಮುಂದೆ ದರ್ಜಿ ಕಿವಿ ಏನು' ಅಂದರು. ಮರುದಿನವೇ ಕಾರ್ಖಾನೆಗೆ ಒಯ್ದು ಕರೆಂಟಿನ ಪರೀಕ್ಷೆಗೆ ಹಾಕಿಸಿದೆ. ಪೂರ್ತಿ ತಡೆದುಕೊಂಡಿತು ಕಣೋ, ಬೇಕಾದ್ದಕ್ಕಿಂತ ಹೆಚ್ಚೇ. ನೀನು ಸರಿಯಾಗಿ ಸುಟ್ಟಿದ್ದೆ, ತಪ್ಪಿದ್ದು ನನ್ನ ಕಿವಿ. ಹಾಗೆಂದು ಮ್ಯಾನೇಜರಿಗೆ ಬರೆದುಕೊಟ್ಟಿದ್ದೇನೆ. ಶುಕ್ರವಾರದ ಬೆಳಗಿನ ರೈಲಿಗೆ ಬರುತ್ತಿದ್ದೇನೆ, ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಮೂರು ಮಹಡಿ ನಾನೇ ಹತ್ತುತ್ತೇನೆ, ನೀನು ಇಳಿದು ಬರಬೇಡ, ಉಬ್ಬಸ. ಮೆಟ್ಟಿಲ ಮೇಲೆ ಕೀಚ್ ಕೀಚ್ ಎಂದರೆ ಅದು ನಾನೇ. ನನಗೆ ಕೇಳಿಸುವುದಿಲ್ಲ, ನಿನಗೆ ಕೇಳಿಸುತ್ತದೆ. ಬಾಗಿಲು ತೆಗಿ.