ಹೋಲ್ಕಿ, ಹೋಲ್ಕೆ

ಬೆರ್ಗೆನ್, 1874, ಮಾರ್ಚ್ 3
ಮತ್ತೆ ಬಲೆ ಎಳೆದೆ. ಕೈ ಮರಗಟ್ಟಿದೆ. ಸೀಸೆಯಲ್ಲಿ ಅದೇ ಪುಟ್ಟ ಜೆಲ್ಲಿ ಮೀನು, ಅಂಚಿನಲ್ಲಿ ನಾಲ್ಕೇ ಎಳೆ. ಯಾವ ಪುಸ್ತಕದಲ್ಲೂ ಇಲ್ಲ. ವರದಿ ಬರೆದಾಯಿತು. ವಿಜ್ಞಾನ ಸಂಘದ ಸಭೆಗೆ ಹೆಂಗಸರು ಹೋಗುವಂತಿಲ್ಲ — ಅಣ್ಣ ಐಲರ್ಟ್ ಓದುತ್ತಾನಂತೆ. ಪ್ರಾಣಿಗೆ ನನ್ನ ಹೆಸರಿಡುವುದಾಗಿ ಸಂಘದ ಪ್ರೊಫೆಸರ್ ಕ್ರೋಗ್ ಮಾತು ಕೊಟ್ಟಿದ್ದಾರೆ. ನನ್ನ ಹೆಸರು!

ಮೇ 19
ವರದಿ ಅಚ್ಚಾಗಿ ಬಂತು, ಪ್ರಾಣಿಯ ಹೊಸ ಹೆಸರಿನೊಂದಿಗೆ. 'ಹೋಲ್ಕಿ'. ನಮ್ಮ ಮನೆತನ ಹೋಲ್ಕ್, ಸರಿ. ಆದರೆ ಲ್ಯಾಟಿನ್‌ನಲ್ಲಿ ಗಂಡಸಿನ ಗೌರವಕ್ಕೆ 'ಹೋಲ್ಕಿ', ಹೆಂಗಸಿಗೆ 'ಹೋಲ್ಕೆ'. ಅಂದರೆ ಇದು ಐಲರ್ಟ್‌ನ ಹೆಸರು. ದೋಣಿ ಹತ್ತಿದರೆ ವಾಂತಿ ಮಾಡುವವನ ಹೆಸರು!

ಕ್ರೋಗ್ ಮನೆಗೇ ಹೋದೆ. ಕಾಫಿ ಕೊಟ್ಟರು.

"ಸಭೇಲಿ ಓದಿದ್ದು ಅವನು ತಾನೇ? ಅಚ್ಚಾದ ಹೆಸರು ತಿದ್ದೋ ಹಾಗಿಲ್ಲ. ಹೋಗ್ಲಿ ಬಿಡಮ್ಮ, ಒಂದಕ್ಷರ."

"ಒಂದಕ್ಷರ ತಾನೇ? ನಿಮ್ಮ ಹೆಸರಿಗೂ ಹೆಣ್ಣಕ್ಷರ ಹಾಕ್ಸಿ, ನೋಡೋಣ!"

ಕಾಫಿ ಮುಟ್ಟದೆ ಬಂದೆ.

ಮೇ 20
ಊಟಕ್ಕೆ ಕುಳಿತಾಗ ಐಲರ್ಟ್ ಹಲ್ಲು ಕಿರಿದ. "ತೋರಾ, ಮುಖ ಯಾಕೆ ಊದಿಸ್ಕೊಂಡಿದೀಯ? ನಮ್ಮನೆ ಹೆಸರೇ ಅಲ್ವಾ? ನನ್ನನ್ನ ಸಂಘಕ್ಕೂ ಸೇರಿಸ್ಕೊಂಡ್ರು, ಗೊತ್ತಾ?" ಮೀನಿನ ಸಾರು ಅವನ ತಲೆಗೆ ಸುರಿಯಬೇಕೆನಿಸಿತು. ಅಮ್ಮ ನನ್ನನ್ನೇ ಗದರಿದಳು.

ಆಗಸ್ಟ್ 8
ಈ ಬೇಸಿಗೆಯಲ್ಲಿ ಹಿಡಿದು ಸಾಕಿದ 'ಹೋಲ್ಕಿ' ಬೆಳೆದಿದೆ. ಎಳೆ ಎಂಟಾಗಿವೆ... ಅಯ್ಯೋ, ಇದು ಬಂದರಿನಲ್ಲಿ ದಿನಾ ಬಲೆಗೆ ಸಿಗುವ ಮಾಮೂಲಿ ಜಾತಿಯ ಮರಿ! ಹೊಸ ಪ್ರಾಣಿಯೇ ಅಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು — ನಾನೂ ಮೋಸಹೋದೆ. ಅತ್ತೆ. ಆಮೇಲೆ ನಕ್ಕೆ. ಇಷ್ಟನ್ನು ಸಭೆಯಲ್ಲಿ ಓದಿದರೆ ಸಾಕು, ಆ ಹೆಸರು ಸತ್ತಂತೆ.

ಸೆಪ್ಟೆಂಬರ್ 14
ಇಂದಿನ ಸಭೆಗೆಂದು ಐಲರ್ಟ್ ಕೈಗೆ ಹೊಸ ವರದಿ ಕೊಟ್ಟೆ. "ಇನ್ನೊಂದಾ? ಭೇಷ್!" ಎಂದು ಕೋಟಿನ ಜೇಬಿಗಿಟ್ಟ. ಮೊದಲೇ ಓದಿಕೋ ಎಂದೆ. "ಅಲ್ಲೇ ಓದ್ತೀನಲ್ಲ, ಬಿಡೇ." ಹೇಳುವಷ್ಟು ಹೇಳಿದ್ದೇನೆ. ಇನ್ನು ಅವನ ಹಣೆಬರಹ.

ಅದೇ ದಿನ, ಸಂಜೆ 7
ಸಭೆಯ ಮಧ್ಯದಲ್ಲೇ ಎದ್ದು ಬಂದ. ಮುಖ ಕೆಂಪು. ಟೋಪಿ ಎಲ್ಲೋ ಬಿಟ್ಟಿದ್ದಾನೆ.

"ಎಲ್ಲರೂ ನಕ್ಕರು ಕಣೇ! ಹೀಗಾ ಮಾಡೋದು? ಇಂಥ ತಪ್ಪು ಹ್ಯಾಗಾಯ್ತು ಅಂತ ಕ್ರೋಗ್ ಎಲ್ಲರೆದುರು ಕೇಳಿದ್ರು."

"ಏನಂದೆ?"

"ಮೊದಲನೇ ವರದೀನೂ ತಂಗೀದೇ ಅಂದ್ಬಿಟ್ಟೆ. ಬರ್ಕೊಂಡ್ರು. ತಪ್ಪು ಮಾಡಿದವಳು ಕುಮಾರಿ ತೋರಾ ಹೋಲ್ಕ್ ಅಂತ ಅಚ್ಚು ಹಾಕ್ತಾರಂತೆ."

ಹೊಸ ಪ್ರಾಣಿ ಎಂದಾಗ ಅವನದು. ತಪ್ಪು ಎಂದ ಕೂಡಲೇ ನನ್ನದು! ಈಗ ಮಾತ್ರ ನಾನು ಹೆಂಗಸೆಂದು ಎಲ್ಲರಿಗೂ ನೆನಪಾಯಿತು. ಥೂ. ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಸಭೆ ಇನ್ನೂ ಮುಗಿದಿರಲಿಕ್ಕಿಲ್ಲ. ಬಾಗಿಲಲ್ಲಿ ಯಾರಾದರೂ ತಡೆಯಲಿ, ತಪ್ಪು ನನ್ನದಾದರೆ ಅದನ್ನು ಕಂಡುಹಿಡಿದವಳೂ ನಾನೇ ಎಂದು ಎಲ್ಲರೆದುರು ಹೇಳಿಯೇ ಬರುತ್ತೇನೆ.